ಮಳೆಯ ದಿನ ಬಿಸಿಲಿನ ಬರಹ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ, ಒಂದು ಬುಧವಾರ. ಆ ದಿನ ಬೆಳಿಗ್ಗೆ ಎದ್ದು ನಾನು ಮಾಡಿದ ಕೆಲಸಗಳು ಇಷ್ಟು: ಸ್ನಾನದ ನೀರಿಗೆ ಬೆಂಕಿ ಹಾಕಿದೆ. ನೀರುದೋಸೆ ಮಾಡಿ ತಿಂದೆ. ಬೆಕ್ಕಿಗೂ ಒಂದು ದೋಸೆ ಚೂರು ಮಾಡಿ ಹಾಕಿದೆ. ಒಣಗದ ಬಟ್ಟೆಗಳನ್ನು ಒಳಗಿನ ಹಗ್ಗಕ್ಕೆ ಬದಲಾಯಿಸಿದೆ. ಒಂದು ರವಿಕೆಗೆ ಕೊಕ್ಕೆ ಹೊಲಿದೆ. ಮಾಡು ಸೋರುವಲ್ಲಿ ಬಾಲ್ದಿ ಇಟ್ಟೆ. ಆಮೇಲೆ ಸ್ನಾನಕ್ಕೆಂದು ಬಚ್ಚಲಿಗೆ ಹೋದೆ.

ನನ್ನ ಮನೆ ಮಾಣಿ ಎಂಬ ಊರಿನಲ್ಲಿ. ನಾನು ಮದುವೆಯಾದವಳಲ್ಲ. ಅಮ್ಮ ತೀರಿಕೊಂಡ ಮೇಲೆ ಒಬ್ಬಳೇ ಇದ್ದೇನೆ, ಮನೆಯಲ್ಲೇ ಹೊಲಿಗೆ ಕೆಲಸ. ಹತ್ತಿರದ ಎರಡು ಮನೆಗಳು ಹೆದ್ದಾರಿ ಅಗಲ ಮಾಡುವಾಗ ಹೋದವು. ಈಗ ಬೆಳಗಿನಿಂದ ಸಂಜೆವರೆಗೆ ಲಾರಿಗಳ ಸದ್ದು ಕೇಳುತ್ತದೆ, ಮನುಷ್ಯರದ್ದು ಕಡಿಮೆ.

ಆದರೆ ನನಗೆ ಗೆಳತಿಯರಿಲ್ಲ ಎನ್ನುವ ಹಾಗಿಲ್ಲ. ಮೂಡಬಿದಿರೆಯ ಕಾಲೇಜಿನಲ್ಲಿ ಜೊತೆಗೆ ಓದಿದ ಜಮೀಲಾ ಪಾಣೆಮಂಗಳೂರಿನಲ್ಲಿದ್ದಾಳೆ, ಗಂಡ ಗಲ್ಫಿನಲ್ಲಿ. ಲಿಲ್ಲಿಗೆ ಬೆಳ್ತಂಗಡಿಯಲ್ಲಿ ಫ್ಯಾನ್ಸಿ ಅಂಗಡಿ. ನಾವು ಮೂವರೂ ಸೇರಿ ಒಂದು ಬ್ಲಾಗ್ ಬರೆಯುತ್ತೇವೆ. ಲಿಲ್ಲಿಯ ಮಗಳು ಮಾಡಿಕೊಟ್ಟದ್ದು. ಮಾತಾಡುವುದು ತುಳುವಿನಲ್ಲಿ, ಬರೆಯುವುದು ಕನ್ನಡದಲ್ಲಿ. ಲಿಲ್ಲಿ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಹಾಕುತ್ತಾಳೆ. ರೈಲು ಹತ್ತಿ ತಾನಾಗಿಯೇ ಇಳಿದುಹೋಗುವ ನಾಯಿ, ಹಳೆ ಸೀರೆಯಿಂದ ಕಾಲೊರಸು ಮಾಡುವ ವಿಡಿಯೋ, ಹೀಗೆ. ಈಗ ಆಕಾಶದಲ್ಲಿ ಹಾರುತ್ತಿರುವ ವಿಮಾನಗಳನ್ನೆಲ್ಲ ನಕ್ಷೆಯಲ್ಲಿ ತೋರಿಸುವ ಒಂದು ಪುಟವನ್ನು ಜಮೀಲಾ ಹುಡುಕಿ ಹಾಕಿದ್ದಳು. ಗಂಡ ಊರಿಗೆ ಬರುವ ದಿನ ಅವಳು ಅದನ್ನೇ ನೋಡುತ್ತ ಕೂತಿರುತ್ತಾಳಂತೆ. ನಾನು ಬರೆಯುವುದು ದಿನದ ಕೆಲಸ, ಅಡುಗೆ, ಬೆಕ್ಕು. ಯಾರು ಏನು ಹೇಳಿದರೂ ಕೂಡಲೇ ಉತ್ತರ ಕೊಡುವವಳು ಮಾತ್ರ ನಾನೇ.

ಮಳೆ ಬಂದರೆ ನಮ್ಮಲ್ಲಿ ನೆಟ್ ಹೋಗುತ್ತದೆ. ಅದಕ್ಕೆ ನಾನು ಭಾನುವಾರವೇ ಕೂತು ವಾರಕ್ಕೆ ಬೇಕಾದಷ್ಟು ಬರೆದು, ಇಂಥ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಾಣಿಸಿಕೊಳ್ಳಲಿ ಎಂದು ಸಮಯ ಕೊಟ್ಟು ಇಟ್ಟುಬಿಡುತ್ತಿದ್ದೆ. ಯಾವ ದಿನ ಏನು ಮಾಡುತ್ತೇನೆ ಎಂದು ಮೊದಲೇ ಗೊತ್ತಿರುವವಳಿಗೆ ಅದು ಕಷ್ಟವಲ್ಲ. ಆ ಭಾನುವಾರ ಬೆಂಕಿಯಂಥ ಬಿಸಿಲಿತ್ತು. ಹಲಸಿನಕಾಯಿ ತಂದಿಟ್ಟಿದ್ದೆ. ಹಾಗಾಗಿ ಬುಧವಾರಕ್ಕೆ, 'ಇವತ್ತು ಅಂಗಳದಲ್ಲಿ ಹಪ್ಪಳ ಒಣಗಲು ಹಾಕಿದೆ. ಎಂಥ ಬಿಸಿಲು! ಕಾಗೆ ಓಡಿಸುವುದೇ ಕೆಲಸ' ಎಂದು ಬರೆದಿದ್ದೆ. ಸೋಮವಾರ ಸಂಜೆ ಮಳೆ ಹಿಡಿಯಿತು. ಹಲಸಿನಕಾಯಿ ಇಡಿಯಾಗಿ ಮೂಲೆಯಲ್ಲೇ ಉಳಿಯಿತು. ಬರೆದಿಟ್ಟದ್ದನ್ನು ಬದಲಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಬಚ್ಚಲಿನ ಹೊಸ್ತಿಲು ದಾಟಿ ಕಾಲಿಟ್ಟದ್ದಷ್ಟೇ ನೆನಪು. ಕಾಲು ಜಾರಿ, ಬಲಗಾಲು ಅಡಿಯಲ್ಲಿ ಮಡಚಿಕೊಂಡು ಬಿದ್ದೆ. ಏಳಲು ನೋಡಿದರೆ ಪ್ರಾಣ ಹೋದ ಹಾಗಾಯಿತು. ಕೂಗಿದೆ. ಮೇಲೆ ತಗಡಿನ ಮಾಡು, ಅದರ ಮೇಲೆ ಮಳೆ. ನನ್ನ ಕೂಗು ನನಗೇ ಸರಿಯಾಗಿ ಕೇಳಲಿಲ್ಲ.

ಫೋನು ಪಕ್ಕದ ಅಡುಗೆಮನೆಯಲ್ಲಿತ್ತು. ಮಳೆ ಸ್ವಲ್ಪ ಇಳಿದಾಗ ಅದು ಟಿಂಗ್ ಎಂದಿತು. ಇನ್ನೊಮ್ಮೆ ಟಿಂಗ್. ಹನ್ನೊಂದಾಯಿತು, ನನ್ನ ಬರಹ ಹೋಯಿತು, ಗೆಳತಿಯರು ಓದಿ ಏನೋ ಬರೆಯುತ್ತಿದ್ದಾರೆ ಎಂದು ತಿಳಿಯಿತು. ನಾನು ಅಂಗಳದಲ್ಲಿ ಕೂತು ಕಾಗೆ ಓಡಿಸುತ್ತಿದ್ದೇನೆ ಎಂದು ಅವರು ತಿಳಿದಿದ್ದಾರೆ. ನಾನಿಲ್ಲಿ ಒದ್ದೆ ನೆಲದ ಮೇಲೆ ಇದ್ದೇನೆ. ಇನ್ನು ಯಾರೂ ಬರುವುದಿಲ್ಲ ಅನ್ನಿಸಿತು. ನಾಳೆಯದೂ ನಾಡಿದ್ದಿನದೂ ಬರೆದಿಟ್ಟಾಗಿತ್ತು. ಅವೂ ಹೊತ್ತಿಗೆ ಸರಿಯಾಗಿ ಹೋಗುತ್ತವೆ, ಅವರು ಓದಿ ನಗುತ್ತಾರೆ. ಅಮ್ಮ ಹೋದ ದಿನವೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಆಮೇಲೆ ಫೋನು ರಿಂಗಾಯಿತು. ನಿಂತಿತು. ಪುನಃ ರಿಂಗಾಯಿತು. ಆಮೇಲೆ ಅದೂ ನಿಂತಿತು. ನಾನು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದೆ.

ಎಷ್ಟು ಹೊತ್ತಾಯಿತೋ, ಅಂಗಳದಲ್ಲಿ ರಿಕ್ಷಾ ನಿಂತ ಸದ್ದು. "ವಾರಿಜಾ! ಓ ವಾರಿಜಾ! ಎಲ್ಲಿದ್ದೀ ಮಾರಾಯ್ತಿ?"

ಜಮೀಲಾಳ ಸ್ವರ! ಅಡುಗೆಮನೆಯ ಹಿಂಬಾಗಿಲು ನಾನು ಹಗಲು ಹಾಕುವುದಿಲ್ಲ. ಅವಳು ಆ ದಾರಿಯಿಂದಲೇ ಬಂದಳು. ನನ್ನನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಮರುಕ್ಷಣವೇ ಹೊರಗೆ ತಿರುಗಿ, "ನೀವು ಅಲ್ಲೇ ನಿಲ್ಲಿ ಅಣ್ಣಾ, ಕರೆದ ಮೇಲೆ ಬನ್ನಿ" ಎಂದು ರಿಕ್ಷಾದವರಿಗೆ ಕೂಗಿದಳು. ಒಳಗಿನಿಂದ ಒಣ ನೈಟಿ ಹುಡುಕಿ ತಂದು, ನನ್ನ ಒದ್ದೆ ಬಟ್ಟೆ ತೆಗೆದು, ಮಗುವಿಗೆ ತೊಡಿಸಿದ ಹಾಗೆ ತೊಡಿಸಿದಳು. ಆಮೇಲೆ ಇಬ್ಬರೂ ಸೇರಿ ನನ್ನನ್ನು ಎತ್ತಿಕೊಂಡು ಹೋಗಿ ರಿಕ್ಷಾದಲ್ಲಿ ಕೂರಿಸಿದರು.

"ನಿನಗೆ ಹೇಗೆ ಗೊತ್ತಾಯ್ತು?" ದಾರಿಯಲ್ಲಿ ಕೇಳಿದೆ.

"ನಮ್ಮಲ್ಲಿ ಆಕಾಶ ತೂತು ಬಿದ್ದ ಹಾಗೆ ಮಳೆ, ನಿನ್ನ ಅಂಗಳದಲ್ಲಿ ಹಪ್ಪಳ! ಬಿಸಿಲು ಸ್ವಲ್ಪ ಬೆಳ್ತಂಗಡಿಗೂ ಕಳಿಸು ಅಂತ ಲಿಲ್ಲಿ ತಮಾಷೆ ಮಾಡಿದಳು. ನಾನೂ ಮಾಡಿದೆ. ನಿನ್ನ ಉತ್ತರ ಇಲ್ಲ. ಫೋನೂ ಎತ್ತುವುದಿಲ್ಲ. ಮಾಣಿಯಲ್ಲಿ ನನ್ನ ಮೈದುನನ ಹಣ್ಣಿನ ಅಂಗಡಿ ಉಂಟಲ್ಲ, ಅವನಿಗೆ ಫೋನ್ ಮಾಡಿ ಕೇಳಿದೆ. ನಿನ್ನೆಯಿಂದ ಬಿಸಿಲೇ ಕಂಡಿಲ್ಲ ಅತ್ತಿಗೆ ಅಂದ. ಅವನಿಗೆ ನಿನ್ನ ಮನೆ ಗೊತ್ತಿಲ್ಲ, ನಾನೇ ರಿಕ್ಷಾ ಹಿಡಿದು ಬಂದೆ."

"ಭಾನುವಾರವೇ ಬರೆದಿಟ್ಟದ್ದು."

"ಬುಧವಾರದ ಹಪ್ಪಳ ಭಾನುವಾರವೇ ಒಣಗಿಸಿದ್ಯಾ? ಹಾಗಾದರೆ ಬೀಳ್ತೇನೆ ಅಂತಲೂ ಒಂದು ಗೆರೆ ಬರೀಬೇಕಿತ್ತು!"

ನಾನು ನಕ್ಕೆ. ಅವಳು ನಗಲಿಲ್ಲ. "ನಿನ್ನ ಮನೆಗೆ ಬರದೆ ನಾಲ್ಕು ವರ್ಷ ಆಯ್ತು ಅಲ್ವಾ? ಒಂದು ಬಸ್ಸಿನ ದಾರಿ" ಎಂದಳು. ಅಮ್ಮ ತೀರಿಕೊಂಡಾಗ ಬೊಜ್ಜದ ಊಟಕ್ಕೆ ಬಂದದ್ದೇ ಕೊನೆ. ದಿನಾ ಎಲ್ಲ ಓದುತ್ತಿದ್ದ ಕಾರಣ, ಭೇಟಿಯಾಗಿಲ್ಲ ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಕಾಲಿನ ಗಂಟಿನ ಎಲುಬು ಬಿರುಕು ಬಿಟ್ಟಿತ್ತು. ಜಮೀಲಾ ಬಿ.ಸಿ.ರೋಡಿನ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿ, ತನ್ನ ಮನೆಗೆ ಬಾ ಎಂದು ಒತ್ತಾಯಿಸಿದಳು. ಬೆಕ್ಕಿನ ನೆಪ ಹೇಳಿದೆ. ಅವಳೇ ನನ್ನ ಜೊತೆ ವಾಪಸು ಬಂದಳು.

ಕಾಲು ಈಗ ಸರಿಯಾಗಿದೆ. ಲಿಲ್ಲಿಯೂ ಅಂಗಡಿ ಮುಚ್ಚಿ ಒಂದು ದಿನ ಬಂದು ಹೋದಳು. ನಾನು ಈಗ ಆಯಾ ದಿನದ್ದನ್ನು ಆಯಾ ದಿನವೇ ಬರೆಯುತ್ತೇನೆ, ನೆಟ್ ಇಲ್ಲದಿದ್ದರೆ ಬರೆಯುವುದಿಲ್ಲ. ಬರೆಯದಿದ್ದರೆ ಫೋನು ಬರುತ್ತದೆ. ಆದರೂ ಬಚ್ಚಲಿಗೆ ಹೋಗುವಾಗ ಫೋನನ್ನು ಕೈಯಳತೆಯಲ್ಲೇ ಇಡುತ್ತೇನೆ. ಆ ನೆಲದ ಮೇಲೆ ಕೂತು ಕೇಳಿದ ಟಿಂಗ್ ಸದ್ದು ಇನ್ನೂ ಕಿವಿಯಿಂದ ಹೋಗಿಲ್ಲ.

ನಾನು ಬಿದ್ದ ಆ ದಿನ ಸಂಜೆ ಜಮೀಲಾ ನನ್ನ ಅಡುಗೆಮನೆಯಲ್ಲಿ ಡಬ್ಬಗಳನ್ನು ಹುಡುಕಿ ಹುಡುಕಿ ಗಂಜಿ ಬೇಯಿಸಿದಳು. ಹುರುಳಿ ಚಟ್ನಿ ಅರೆದಳು, ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡು ಉಂಡೆವು. ರಾತ್ರಿಯಿಡೀ ಮಾತಾಡುವ ಎಂದು ಚಾಪೆ ಹಾಸಿ ನನ್ನ ಮಂಚದ ಪಕ್ಕದಲ್ಲೇ ಮಲಗಿದವಳು ನನಗಿಂತ ಮೊದಲು ನಿದ್ದೆ ಹೋದಳು. ನಾನು ಅವಳ ಉಸಿರು ಕೇಳುತ್ತ ಎಚ್ಚರವಾಗಿಯೇ ಇದ್ದೆ. ನಿದ್ದೆ ಮಾಡಿದರೆ ಅದನ್ನು ಕೇಳುವುದು ತಪ್ಪಿಹೋಗುತ್ತದಲ್ಲ ಎಂದು.