ಪ್ರೊಫೆಸರರ ಕುರ್ಚಿ

ಕಳೆದ ಭಾನುವಾರ ಮಧ್ಯಾಹ್ನ ಮ್ಯಾನ್‌ಹಟನ್ನಿನ ಅಪಾರ್ಟ್‌ಮೆಂಟೊಂದರಲ್ಲಿ ಸುಶೀಲಕ್ಕ ನನಗೆ ಕುರ್ಚಿ ತೋರಿಸಿ ‘ಕೂಡ್ರಿ’ ಎಂದರು. ಕೂರುವುದರಲ್ಲಿ ನನಗೆ ಅರವತ್ತೆಂಟು ವರ್ಷಗಳ ಅನುಭವವಿದೆ. ಆದರೂ ಕೂರಲಾಗಲಿಲ್ಲ.

ಕುರ್ಚಿ ನನ್ನ ಗುರುಗಳದು. ನ್ಯೂಜೆರ್ಸಿಯ ಪ್ಲಂಬರೊಬ್ಬನ ಮಗ. ಅಪ್ಪನ ಜೊತೆ ಪೈಪು ಹೊತ್ತು, ಸಂಜೆ ಕಾಲೇಜಿನಲ್ಲಿ ಓದಿ, ತತ್ವಶಾಸ್ತ್ರದ ಪ್ರೊಫೆಸರ್ ಆದವರು. ಪ್ರಾಗ್ಮಾಟಿಸಂ, ಅಂದರೆ ಬಳಕೆಯಲ್ಲಿ ನಿಂತದ್ದೇ ಸತ್ಯ ಎನ್ನುವುದು, ಅವರ ಪಂಥ. ಎಂಥ ಘನ ಸಿದ್ಧಾಂತ ಮುಂದಿಟ್ಟರೂ ಒಂದೇ ಪ್ರಶ್ನೆ: ‘ಇದು ನಿಜವಾದರೆ ಯಾವ ನಲ್ಲಿಯಲ್ಲಿ ನೀರು ಬರುತ್ತೆ?’ (ನನ್ನ ಥೀಸಿಸ್ಸಿಗೆ ಯಾವ ನಲ್ಲಿಯಲ್ಲೂ ಬರಲಿಲ್ಲ.) ಮನುಷ್ಯನ ನಂಬಿಕೆ ಇರುವುದು ಮಾತಿನಲ್ಲಲ್ಲ, ನಡವಳಿಕೆಯಲ್ಲಿ ಎಂದು ನಲವತ್ತು ವರ್ಷ ಪಾಠ ಹೇಳಿದರು. ಮೂರು ಪುಸ್ತಕ ಬರೆದರು. ಧಾರವಾಡದ ಸುಶೀಲಕ್ಕನನ್ನು ಮದುವೆಯಾದರು. ಹೋದ ಚಳಿಗಾಲದಲ್ಲಿ ಅದೇ ಕುರ್ಚಿಯಲ್ಲಿ, ಓದುತ್ತಿದ್ದ ಪುಟದಲ್ಲಿ ಬೆರಳಿಟ್ಟುಕೊಂಡೇ, ತೀರಿಕೊಂಡರು.

‘ನಾಳೆ ಸಾಮಾನು ಸಾಗಸೋ ಮೂವರ್ಸ್ ಬರ್ತಾರ. ಮಗಳು ಎಡಿಸನ್ ಊರಿನ ತನ್ನ ಮನಿಗೆ ಕರಕೊಂಡು ಹೊಂಟಾಳ,’ ಎಂದರು ಸುಶೀಲಕ್ಕ. ‘ಆದ್ರ ಇವರು ಇನ್ನೂ ಇಲ್ಲೇ ಕೂತಾರ. ಬಿಟ್ಟು ಹ್ಯಾಂಗ ಹೋಗ್ಲಿ?’

‘ಅಕ್ಕಾ, ಅವರ ಹೆಂಡತಿಯಾಗಿ ನೀವೇ ಹೀಗಂದರೆ! ದೆವ್ವಗಿವ್ವ ಎಲ್ಲಾ ಭ್ರಮೆ.’

‘ಮಗಳೂ ಹಿಂಗ ಅಂದ್ಲು, ಡೋಂಟ್ ಬಿ ಸಿಲ್ಲಿ ಅಮ್ಮಾ ಅಂತ. ಆದ್ರ ಬಂದಾಗೆಲ್ಲಾ ಸೋಫಾದ ಮ್ಯಾಲ ಕೂಡ್ತಾಳ. ನೀವು ಅವರ ಶಿಷ್ಯ, ಶಾಣ್ಯಾ ಇದ್ದೀರಿ. ನೀವು ಕೂತ್ರ, ಅವರಿಲ್ಲ ಅಂತ ತಿಳಕೊಂಡು ನಾ ನಾಳೆ ಹೊಂಟುಬಿಡ್ತೀನಿ.’

ಸೋಫಾದಿಂದ ಎದ್ದೆ. ತತ್ವಶಾಸ್ತ್ರದ ಗೌರವ ಕಾಪಾಡುವ ಗಾಂಭೀರ್ಯದಿಂದ ಹತ್ತಿರ ಹೋದೆ. ಚರ್ಮದ ಸೀಟಿನಲ್ಲಿ ಒಬ್ಬ ಮನುಷ್ಯನಷ್ಟು ತಗ್ಗು. ಕೈಯಿಟ್ಟೆ. ಬೆಚ್ಚಗಿತ್ತು.

ಪಕ್ಕದಲ್ಲೇ ರೇಡಿಯೇಟರ್ ಇದೆಯಲ್ಲ ಎಂದು ವೈಜ್ಞಾನಿಕವಾಗಿ ಸಮಾಧಾನ ಮಾಡಿಕೊಂಡೆ. ಇದು ಜುಲೈ ತಿಂಗಳು, ಮನೆಯಲ್ಲಿ ಓಡುತ್ತಿರುವುದು ಎಸಿ ಎಂಬುದು ಆಮೇಲೆ ಹೊಳೆಯಿತು.

ಆದರೂ ತಿರುಗಿ ನಿಂತೆ. ಮೊಣಕಾಲು ಅರ್ಧ ಬಗ್ಗಿಸಿದೆ. ಬೆನ್ನ ಹಿಂದೆ, ತೀರಾ ಹತ್ತಿರ, ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. (ಹಳೇ ಬಿಲ್ಡಿಂಗ್. ಏನೇನೋ ಸದ್ದು ಬರುತ್ತವೆ.) ಮೊಣಕಾಲು ತಾನಾಗಿಯೇ ನೆಟ್ಟಗಾಯಿತು.

ಸುಶೀಲಕ್ಕ ನನ್ನನ್ನು ಬೈಯಲಿಲ್ಲ. ನಗಲೂ ಇಲ್ಲ. ಫೋನ್ ಎತ್ತಿ ಮಗಳಿಗೆ, ‘ಮೂವರ್ಸ್ ಬ್ಯಾಡಂತ ಹೇಳಿಬಿಡು,’ ಎಂದರು.

‘ಅಕ್ಕಾ, ಈ ಮನೆಯಲ್ಲಿ ಒಬ್ಬರೇ ಇರ್ತೀರಾ?’

‘ಒಬ್ಬಾಕಿ ಯಾಕ? ಈಗ ನೀವ ಸಾಕ್ಷಿ ಹೇಳಿದ್ರಲ್ಲಾ!’

ಸುಳ್ಳು ಹೇಳಿದ್ದು ನನ್ನ ಬಾಯೋ, ನನ್ನ ಮೊಣಕಾಲೋ?