ಹರಕೆ ತೀರಿಸಿ ಕೈಬಿಟ್ಟ ಪರೀಕ್ಷೆ

ಕಡಕೊಳದ ಫ್ಯಾಕ್ಟರಿಯಲ್ಲಿದ್ದ ನನ್ನ ತಮ್ಮನಿಗೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಯಾರ ಜೊತೆಗೋ ಮಲಗಿ ಬಂದು, ವಾರದೊಳಗೇ ಹೆದರಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡ. ಇಲ್ಲ ಎಂದು ಬಂತು. ಸೋಂಕು ತಗುಲಿದ್ದರೂ ಇಷ್ಟು ಬೇಗ ರಕ್ತದಲ್ಲಿ ಕಾಣಿಸುವುದಿಲ್ಲ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಬನ್ನಿ ಎಂದು ಅಲ್ಲಿನ ಕೌನ್ಸೆಲರ್ ಹೇಳಿ ಕಳಿಸಿದ್ದರು.

ಇಲ್ಲ ಎಂದದ್ದೇ ತಡ, ವಿಷಯ ತಿಳಿದು ಹರಕೆ ಹೊತ್ತಿದ್ದ ಅಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ಅದನ್ನು ತೀರಿಸಿದಳು. ತಮ್ಮ ಇನ್ನೊಂದು ಪರೀಕ್ಷೆಯ ಮಾತೆತ್ತಿದಾಗ ಗದರಿದಳು.

"ತಾಯಿ ಕಾಪಾಡ್‌ಬುಟ್ಟವ್ಳೆ ಕಣೋ. ಮತ್ತೆ ಹೋಗಿ ಚುಚ್ಚಿಸ್ಕೊಂಡ್ರೆ ಅವಳನ್ನೇ ಅನುಮಾನಿಸ್ದಂಗೆ."

ಅವನಿಗೂ ಅದೇ ಬೇಕಿತ್ತು. ಮದುವೆಯಾಯಿತು. ವರ್ಷಗಟ್ಟಲೆ ಗಟ್ಟಿಮುಟ್ಟಾಗಿಯೇ ಓಡಾಡಿದ. ಒಳಗೆ ವೈರಸ್ ಸದ್ದಿಲ್ಲದೆ ಅವನ ಶಕ್ತಿಯನ್ನು ತಿನ್ನುತ್ತಿತ್ತು. ಹೋದ ವರ್ಷ ಸೊರಗಿ, ಕೆಮ್ಮು ನಿಲ್ಲದೆ ಆಸ್ಪತ್ರೆ ಸೇರಿದಾಗ ಟಿಬಿ ಎಂದರು, ಜೊತೆಗೆ ಎಚ್‌ಐವಿ ಎಂದರು. ಹೆಂಡತಿಯ ರಕ್ತವನ್ನೂ ನೋಡಿದರು. ಅವಳಿಗೂ ಇತ್ತು.

"ದಿನಾ ಮಾತ್ರೆ ತಗೊಂಡ್ರೆ ತುಂಬಾ ವರ್ಷ ಬದುಕ್ಬೋದಂತೆ ಕಣಮ್ಮ," ಎಂದೆ ಅವಳಿಗೆ.

"ಇವರ ಜೊತೇಲಾ, ಅತ್ತಿಗೆ?"

ಅವನ ಊಟದ ಹೊತ್ತಾಗಿತ್ತು. ಅವಳೇ ಎದ್ದು ಹೋಗಿ ಗಂಜಿ ಕುಡಿಸಿದಳು.