ಟ್ಯಾಂಕರಿನ ಕೊನೆಯ ನೀರು

ಹೋದ ತಿಂಗಳು ಸಂಡೂರಿನಿಂದ ಹೊಸಪೇಟೆಗೆ ಬರುವಾಗ ನಮ್ಮ ಬಸ್ಸು ಒಂದು ನೀರಿನ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡಿತು. ಅದಿರು ಲಾರಿಗಳು ಓಡಾಡುವ ದಾರಿಯಲ್ಲಿ ದೂಳು ಏಳದಂತೆ ನೀರು ಚಿಮುಕಿಸುತ್ತಾ ಹೋಗುವ ಟ್ಯಾಂಕರು ಅದು. ನೆನೆದ ಕೆಂಪು ದೂಳಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ತುಕ್ಕು ಹಿಡಿದ ಬಕೆಟ್ಟಿನಂಥ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಟ್ಯಾಂಕರ್ ಅಣ್ಣ ನೆನಪಾದರು...

ಆಗ ನಾನು ಸಂಡೂರಿನ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ಹೊಸಪೇಟೆಯ ಚಿತ್ತವಾಡ್ಗಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕೆಲವು ಶಿಕ್ಷಕರು, ಒಬ್ಬ ಔಷಧಿ ಅಂಗಡಿಯವರು, ಇಬ್ಬರು ಮೂವರು ನಿವೃತ್ತರು ಸೇರಿ ಒಂದು ಪರಿಸರ ಬಳಗ ಮಾಡಿಕೊಂಡಿದ್ದೆವು. ಅಕ್ಷರ ದುಂಡಗಿದೆ, ಇಲ್ಲ ಎನ್ನಲು ಬರುವುದಿಲ್ಲ ಎಂಬ ಎರಡು ಅರ್ಹತೆಗಳ ಮೇಲೆ ನಾನು ಕಾರ್ಯದರ್ಶಿಯಾದೆ. ಜೂನ್ ತಿಂಗಳಲ್ಲಿ ಬ್ಯಾನರ್ ಕಟ್ಟಿ ರಸ್ತೆಯ ಬದಿಗೆ ಹೊಂಗೆ, ಬೇವು ನೆಡುತ್ತಿದ್ದೆವು. ಅತಿಥಿಗಳು ಬಂದು ಮಣ್ಣು ಮುಟ್ಟಿ ಕೈ ತೊಳೆದುಕೊಂಡು ಹೋಗುತ್ತಿದ್ದರು. ಬೇಸಿಗೆ ಬರುವ ಹೊತ್ತಿಗೆ ಕೊಡ ಹೊರಲು ಉಳಿಯುತ್ತಿದ್ದವರು ನಾನು ಮತ್ತು ಔಷಧಿ ಅಂಗಡಿಯವರು. ಮುಂದಿನ ಜೂನಿಗೆ ಅವೇ ಕುಣಿಗಳಲ್ಲಿ ಹೊಸ ಸಸಿ. ತೋಡುವ ಕೆಲಸ ಉಳಿಯಿತು ಎಂದು ನಾವೇ ನಗುತ್ತಿದ್ದೆವು. ಆ ನಗು ಈಗ ನೆನೆದರೆ ಮೈ ಉರಿಯುತ್ತದೆ.

ಹೀಗೆ ಒಂದು ಮಧ್ಯಾಹ್ನ ನಾನು ಕೊಡ ಹಿಡಿದು ನಿಂತಿದ್ದಾಗ ಟ್ಯಾಂಕರೊಂದು ಪಕ್ಕಕ್ಕೆ ಬಂದು ನಿಂತಿತು. ಆಮೇಲೆ ನಾವು ಟ್ಯಾಂಕರ್ ಅಣ್ಣ ಎಂದು ಕರೆದದ್ದು ಇವರನ್ನೇ. ಇಳಿದವರಿಗೆ ಐವತ್ತರ ಹತ್ತಿರದ ವಯಸ್ಸು. ರೆಪ್ಪೆಯ ಮೇಲೂ ಕೆಂಪು ದೂಳು.

"ಕೊಡದಾಗ ಎಷ್ಟಕ್ಕಂತ ಹಾಕ್ತೀರಿ ಅಕ್ಕೋರೇ, ಸರೀರಿ ಆ ಕಡೆ."

ಹಿಂದಿನ ವಾಲ್ವಿಗೆ ಹಳೆಯ ಟ್ಯೂಬಿನ ತುಂಡೊಂದನ್ನು ಸಿಕ್ಕಿಸಿ ಕುಣಿಯಿಂದ ಕುಣಿಗೆ ನೀರು ಬಿಟ್ಟುಕೊಂಡು ಹೋದರು. ಆಮೇಲೆ ಅದೇ ರೂಢಿಯಾಯಿತು. ಟ್ರಿಪ್ಪಿನ ಕೊನೆಯಲ್ಲಿ ತಳದಲ್ಲಿ ಉಳಿದ ನೀರೆಲ್ಲ ನಮ್ಮ ಗಿಡಗಳಿಗೆ. ಆದರೆ ಇವತ್ತು ಈ ಬದಿಗೆ ಹಾಕಿದರೆ ನಾಳೆ ಆ ಬದಿಗೆ. ದಿನಾ ಎರಡೂ ಕಡೆ ಹಾಕಬಾರದೇ ಎಂದು ಕೇಳಿದೆ.

"ದಿನಾ ಹಾಕಿದ್ರ ಬೇರು ಸೋಮಾರಿ ಆಗ್ತಾವ್ರಿ. ಒಂದಿನ ತಡದ್ರ ತಾವ ಕೆಳಗ ಹುಡುಕ್ಕೊಂತ ಹೋಗ್ತಾವು."

ಆ ಬೇಸಿಗೆ ನಮ್ಮ ಗಿಡಗಳು ಒಣಗಲಿಲ್ಲ. ಬಳಗ ಹುಟ್ಟಿದ ಮೇಲೆ ಮೊದಲ ಬಾರಿಗೆ ಎರಡನೆಯ ವರ್ಷದ ಚಿಗುರು ಕಂಡೆವು. ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅಲ್ಲೇ ತಪ್ಪಿದ್ದು. ನಮ್ಮಂಥ ಬಳಗಗಳಿಗೆ ಮಾಡಿದ ಕೆಲಸ ವರದಿಯಲ್ಲಿ ಬರದಿದ್ದರೆ ಮಾಡಿದಂತೆಯೇ ಅನ್ನಿಸುವುದಿಲ್ಲ. ಸಸಿಗಳಿಗೆ ಮುಳ್ಳುಬೇಲಿ ಕೊಡಿಸಿದ್ದ ಗಣಿಯ ಕಚೇರಿಗೆ ವರ್ಷಕ್ಕೊಂದು ಪುಸ್ತಿಕೆ ಕಳಿಸಬೇಕಿತ್ತು. 'ಸಮುದಾಯದ ಸಹಭಾಗಿತ್ವ' ಎಂಬ ಪುಟಕ್ಕೆ ಪ್ರತಿವರ್ಷ ಏನಾದರೂ ಹೊಸೆಯುತ್ತಿದ್ದವಳಿಗೆ ಆ ಸಲ ನಿಜವಾದ ಸಮುದಾಯವೇ ಸಿಕ್ಕಿತ್ತು. ಕ್ಯಾಮೆರಾ ತೆಗೆದುಕೊಂಡು ಹೋದೆ.

"ಫೋಟೋ ಯಾಕ್ರಿ, ಬ್ಯಾಡ್ರಿ" ಅಂದರು.

ನಾಚಿಕೆ ಅಂದುಕೊಂಡೆ. ಬಡವರು ಬೇಡ ಎಂದಾಗಲೆಲ್ಲ ನಮಗೆ ಅದು ನಾಚಿಕೆಯಾಗಿಯೇ ಕಾಣುತ್ತದೆ. ಎರಡು ಸಲ ಬೇಡ ಅಂದವರು ಮೂರನೆಯ ಸಲ ನನ್ನ ಮುಖ ನೋಡಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಟ್ಯಾಂಕರಿನ ಪಕ್ಕ ನಿಂತರು. ಪುಸ್ತಿಕೆಯಲ್ಲಿ ಇಡೀ ಪುಟ ಅವರಿಗೇ ಕೊಟ್ಟೆ. ರಸ್ತೆಗೆಂದು ತಂದ ನೀರನ್ನು ಉಳಿಸಿ ಗಿಡಕ್ಕೆ ಹಾಕುವ ಇಂಥ ಚಾಲಕರನ್ನು ಗೌರವಿಸಬೇಕು ಎಂದು ದುಂಡಗಿನ ಅಕ್ಷರದಲ್ಲಿ ಪತ್ರವನ್ನೂ ಲಗತ್ತಿಸಿದೆ.

ವಾರದ ಮೇಲೆ ಟ್ಯಾಂಕರನ್ನು ಬೇರೆಯವರು ಓಡಿಸುತ್ತಿದ್ದರು. ಕೈ ಮಾಡಿದರೂ ನಿಲ್ಲಿಸಲಿಲ್ಲ. ಅದೇ ಗಣಿಯವರಿಗೆ ಟ್ಯಾಂಕರು ಓಡಿಸುತ್ತಿದ್ದ ಗುತ್ತಿಗೆದಾರನ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವನಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ.

"ರೋಡಿನ ನೀರು ಬ್ಯಾರೆ ಕಡೆ ಹಾಕ್ಯಾನ ಅಂತ ನೀವ ಬರ್ದು ಕೊಟ್ಟೀರಲ್ರಿ ಮೇಡಂ. ಫೋಟೋ ಬ್ಯಾರೆ ಐತಿ. ಮ್ಯಾಲಿನೋರು ಕೇಳಿದ್ರ ನಾವೇನ್ ಹೇಳೋಣ?"

ಬಳಗ ಸಭೆ ಸೇರಿತು. ಎಲ್ಲರೂ ಹೋಗಿ ಕೇಳೋಣ, ಅವರ ಕೆಲಸ ಅವರಿಗೆ ಕೊಡಿಸೋಣ ಎಂದೆ. ಹಿರಿಯರೊಬ್ಬರು ಮುಂದಿನ ವರ್ಷದ ಬೇಲಿಯೂ ಗಣಿಯವರಿಂದಲೇ ಬರಬೇಕಲ್ಲ ಎಂದರು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ನಾನೂ ಪಟ್ಟು ಹಿಡಿಯಲಿಲ್ಲ. 'ಘಟನೆಯ ಬಗ್ಗೆ ವಿಷಾದ ವ್ಯಕ್ತಪಡಿಸಲಾಯಿತು' ಎಂದು ನಡಾವಳಿ ಪುಸ್ತಕದಲ್ಲಿ ಬರೆದವಳೂ ನಾನೇ. ಮುಂದಿನ ಬೇಸಿಗೆಗೆ ಕೊಡ ಹೊರುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಗಿಡಗಳು ಒಂದೊಂದಾಗಿ ಕಡ್ಡಿಯಾದವು. ಬಳಗವೂ ಹಾಗೆಯೇ... ಯಾರೂ ಮುಚ್ಚಲಿಲ್ಲ, ಸಭೆ ಕರೆಯುವುದನ್ನು ಬಿಟ್ಟೆವು ಅಷ್ಟೆ.

ಟ್ಯಾಂಕರ್ ಅಣ್ಣ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದಾರೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿಕೊಂಡು ಹೋದೆ. ಗಿರಣಿಯ ಬಾಗಿಲಲ್ಲಿ ನನ್ನನ್ನು ಕಂಡವರೇ ತಲೆಯ ಮೇಲಿನ ತೌಡು ಕೊಡವಿಕೊಂಡು ಬಂದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

"ಗಿಡ ಹೆಂಗದಾವ್ರಿ ಅಕ್ಕೋರೇ?"

"ಚೆನ್ನಾಗಿವೆ" ಅಂದೆ. "ನಿಮ್ಮೆತ್ತರ ಬಂದಿವೆ."

"ಹಂಗಾದ್ರ ಸಾಕು ಬಿಡ್ರಿ. ಒಮ್ಮೆ ಬಂದು ನೋಡ್ತೀನಿ."

ಕ್ಷಮೆ ಕೇಳದೆಯೇ ತಿರುಗಿ ಬಸ್ಸು ಹತ್ತಿದೆ. ಮತ್ತೆ ನಾನು ಕಂಪ್ಲಿಯ ಕಡೆ ಮುಖ ಹಾಕಲಿಲ್ಲ. ಬಸ್ಸು ಗಿಡ ನೆಟ್ಟಿದ್ದ ರಸ್ತೆಯಲ್ಲಿ ನಿಂತಾಗಲೆಲ್ಲ ಇಳಿಯುವವರನ್ನು ನೋಡುತ್ತಿದ್ದೆ. ನಿವೃತ್ತಿಯ ದಿನದವರೆಗೂ ನೋಡಿದೆ.

ಹೋದ ತಿಂಗಳ ಆ ವಾಸನೆ ಮೂಗಿನಿಂದ ಹೋಗಲೇ ಇಲ್ಲ. ಭಾನುವಾರ ಕಂಪ್ಲಿಗೆ ಹೋದೆ. ಗಿರಣಿಯವರು ಮನೆ ತೋರಿಸಿದರು. ಟ್ಯಾಂಕರ್ ಅಣ್ಣನ ಹೆಂಡತಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಯಾರೆಂದು ಹೇಳಿದ ಮೇಲೆ ಮೊರ ಪಕ್ಕಕ್ಕಿಟ್ಟು ಜಾಗ ಮಾಡಿಕೊಟ್ಟರು.

"ಕುಂದ್ರಿ. ಅವ್ರು ಹೋಗಿ ಎರಡು ವರ್ಷ ಆತ್ರಿ."

ಅವರಿಗೆ ಗಿಡಗಳೆಂದರೆ ಪ್ರಾಣ ಎಂದೆ.

"ಹೂನ್ರಿ. ನೀವು ಮಿಲ್ಲಿಗೆ ಬಂದು ಹೋದ್ರಲ್ರಿ, ಅದರ ಮುಂದಿನ ವಾರನ ರಜಾ ಹಾಕಿ ನೋಡಾಕ ಹೋಗಿದ್ರು. ತಿರುಗಿ ಬಂದು ಕಟ್ಟಿ ಮ್ಯಾಲ ಕುಂತ್ರು. ಎಲ್ಲಾ ಕಡ್ಡಿ ಆಗ್ಯಾವ ಅಂದ್ರು. ಅಕ್ಕೋರು ಹಂಗ್ಯಾಕ ಹೇಳಿದ್ರು, ಕೇಳ್ರಿ ಅಂದ್ನಿ. ಬ್ಯಾಡ ಅಂದ್ರು. ಅಕ್ಕೋರು ಅಳಂಗ ನಿಂತಿದ್ರು, ಇನ್ನೇನ್ ಹೇಳ್ತಾರ ಪಾಪ, ಅಂದ್ರು."

ಅವರು ಚಹಾ ಕೊಟ್ಟರು. ಕುಡಿದೆ. ಆಮೇಲೆ ಬಸ್ ಸ್ಟ್ಯಾಂಡಿಗೆ ನಡೆದೆ.

ಎಂದಾದರೂ ಬಂದು ನೋಡಿಬಿಟ್ಟಾರು ಎಂದು ಇಷ್ಟು ವರ್ಷ ಹೆದರಿಕೊಂಡೇ ಇದ್ದೆ. ಅವರು ಮರುವಾರವೇ ಬಂದು, ನೋಡಿ, ನನಗೆ ಗೊತ್ತಾಗದ ಹಾಗೆ ತಿರುಗಿ ಹೋಗಿದ್ದರು.